ಬೊಜ್ಜಿನ ಹೊಸ ಔಷಧ: ಅಣುವನ್ನು ರೂಪಿಸುವ ಹಂತದಲ್ಲೇ ನಮ್ಮ ಭಾಗದ ಅಗತ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಔಷಧ ರಸಾಯನ ಅಧ್ಯಾಪಕ, ಕಲಬುರಗಿ

ಬೊಜ್ಜಿನ ಚಿಕಿತ್ಸೆಗೆ ಹೊಸ ಅಣುಗಳನ್ನು ರೂಪಿಸುವ ಕೆಲಸ ಈಗ ಜಗತ್ತಿನಾದ್ಯಂತ ಬಿರುಸಿನಿಂದ ನಡೆದಿದೆ. ನಮ್ಮವರೆಗೆ ಬಂದು ಮುಟ್ಟುವ ಸುದ್ದಿ ಮಾತ್ರ ಬಹುಪಾಲು ಒಂದೇ ಬಗೆಯದು: ಯಾವ ಚುಚ್ಚುಮದ್ದಿನಿಂದ ಎಷ್ಟು ತೂಕ ಇಳಿಯಿತು ಎಂಬುದು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ಪಡೆದವರ ತೂಕ 68 ವಾರಗಳಲ್ಲಿ ಸರಾಸರಿ ಶೇ 14.9ರಷ್ಟು ಇಳಿದಿತ್ತು, 2022ರ ಪ್ರಯೋಗದಲ್ಲಿ ಟಿರ್ಜೆಪಟೈಡ್‌ನ ಅತಿ ಹೆಚ್ಚಿನ ಡೋಸ್ ಪಡೆದವರ ತೂಕ 72 ವಾರಗಳಲ್ಲಿ ಶೇ 20.9ರಷ್ಟು ಇಳಿದಿತ್ತು. ಶಸ್ತ್ರಚಿಕಿತ್ಸೆಯಿಲ್ಲದೆ ಇಷ್ಟು ತೂಕ ಇಳಿಸಬಹುದೆಂದು ಇಪ್ಪತ್ತು ವರ್ಷಗಳ ಹಿಂದೆ ಯಾರೂ ನಂಬುತ್ತಿರಲಿಲ್ಲ. ಆದರೂ ಈ ಔಷಧ ಕಲಬುರಗಿ, ಬೀದರ್, ಯಾದಗಿರಿಯ ಜನರ ಮೈಗೆ ಹೋಗುವಾಗ, ಅಣುವಿನ ಗುಣವನ್ನು ತೂಕದ ಶೇಕಡಾವಾರು ಇಳಿಕೆಯೊಂದರಿಂದಲೇ ಅಳೆಯುವುದು ಸಾಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲು ಈ ಅಣುಗಳು ಹೇಗೆ ರೂಪುಗೊಂಡವು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಮುಂದಿನ ಚರ್ಚೆಯೆಲ್ಲ ಅದರ ಮೇಲೆಯೇ ನಿಂತಿದೆ. ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಅದು ಇನ್ಸುಲಿನ್ ಸ್ರವಿಸಲು ಮೇದೋಜೀರಕಕ್ಕೆ ನೆರವಾಗುತ್ತದೆ, ಜಠರ ಖಾಲಿಯಾಗುವ ವೇಗವನ್ನು ತಗ್ಗಿಸುತ್ತದೆ, ಮಿದುಳಿನಲ್ಲಿ ಹಸಿವನ್ನು ಕಡಿಮೆ ಮಾಡುತ್ತದೆ. ತೊಂದರೆಯೆಂದರೆ ರಕ್ತದಲ್ಲಿ ಅದರ ಅರ್ಧಾಯುಷ್ಯ (ಪ್ರಮಾಣ ಅರ್ಧಕ್ಕೆ ಇಳಿಯಲು ಬೇಕಾದ ಸಮಯ) ಎರಡು ನಿಮಿಷದ ಆಸುಪಾಸು ಮಾತ್ರ. ಡಿಪಿಪಿ-4 ಎಂಬ ಕಿಣ್ವ ಅದರ ತುದಿಯ ಎರಡು ಅಮೈನೋ ಆಮ್ಲಗಳನ್ನು ಕತ್ತರಿಸಿ ಹಾಕುತ್ತದೆ. ಗಿಲಾ ಮಾನ್‌ಸ್ಟರ್ ಎಂಬ ಅಮೆರಿಕದ ವಿಷದ ಹಲ್ಲಿಯ ಸ್ರಾವದಲ್ಲಿ ಜಾನ್ ಎಂಗ್ ಅವರು ಗುರುತಿಸಿದ ಎಕ್ಸೆಂಡಿನ್-4 ಈ ಕಿಣ್ವಕ್ಕೆ ಬಗ್ಗುವುದಿಲ್ಲ. ಅದನ್ನು ಆಧರಿಸಿದ ಎಕ್ಸೆನಟೈಡ್ 2005ರಲ್ಲಿ ಸಕ್ಕರೆ ಕಾಯಿಲೆಯ ಔಷಧವಾಗಿ ಬಂತು. ಲಿರಾಗ್ಲುಟೈಡ್‌ನಲ್ಲಿ ಮನುಷ್ಯರ ಹಾರ್ಮೋನಿಗೇ ಹದಿನಾರು ಇಂಗಾಲದ ಕೊಬ್ಬಿನಾಮ್ಲದ ಸರಪಳಿಯನ್ನು ಜೋಡಿಸಲಾಯಿತು. ಆ ಸರಪಳಿ ರಕ್ತದ ಅಲ್ಬುಮಿನ್ ಎಂಬ ಪ್ರೋಟೀನ್‌ಗೆ ಅಂಟಿಕೊಳ್ಳುವುದರಿಂದ ಅರ್ಧಾಯುಷ್ಯ ಸುಮಾರು 13 ಗಂಟೆಗೆ ಏರಿತು. ಸೆಮಾಗ್ಲುಟೈಡ್‌ನಲ್ಲಿ ಎಂಟನೆಯ ಸ್ಥಾನದ ಅಲನಿನ್ ತೆಗೆದು, ಒಂದು ಮಿಥೈಲ್ ಗುಂಪು ಹೆಚ್ಚಿಗೆ ಇರುವ ಅಮೈನೋ ಆಮ್ಲವನ್ನು ಕೂಡಿಸಿದರು. ಅಷ್ಟರಿಂದಲೇ ಕಿಣ್ವಕ್ಕೆ ಅಲ್ಲಿ ಕತ್ತರಿಸಲು ಆಗದಾಯಿತು. ಜೊತೆಗೆ ಹದಿನೆಂಟು ಇಂಗಾಲದ ದ್ವಿ-ಆಮ್ಲದ ಸರಪಳಿಯನ್ನು ಜೋಡಿಸಿದ್ದರಿಂದ ಅರ್ಧಾಯುಷ್ಯ ಒಂದು ವಾರದ ಹತ್ತಿರಕ್ಕೆ ಬಂತು. ಎರಡು ನಿಮಿಷದಿಂದ ಒಂದು ವಾರಕ್ಕೆ! ಔಷಧ ರಸಾಯನಶಾಸ್ತ್ರದಲ್ಲಿ ಇಷ್ಟು ಸೊಗಸಾದ ಕೆಲಸ ನಾನು ಕಂಡದ್ದು ಕಡಿಮೆ.

ಆದರೆ ಇವೆಲ್ಲ ಪೆಪ್ಟೈಡ್‌ಗಳು, ಅಂದರೆ ಅಮೈನೋ ಆಮ್ಲಗಳ ಸರಪಳಿಗಳು. ಸಾಮಾನ್ಯವಾಗಿ ಚುಚ್ಚಿಯೇ ಕೊಡಬೇಕು, ತಣ್ಣಗೆ ಇಡಬೇಕು, ತಯಾರಿಕೆಯ ಖರ್ಚೂ ಹೆಚ್ಚು. ಮುಂದಿನ ಅಣುಗಳನ್ನು ರೂಪಿಸುವವರ ಮುಂದೆ ನಮ್ಮ ಭಾಗದ ವೈದ್ಯರು, ಮೆಡಿಕಲ್ ಅಂಗಡಿಯವರು, ರಸಾಯನಜ್ಞರು ಯಾವ ಬೇಡಿಕೆಗಳನ್ನು ಇಡಬೇಕು ಎಂಬ ಬಗ್ಗೆ ತಮ್ಮೆಲ್ಲರ ಅಭಿಪ್ರಾಯವನ್ನು ಕೋರುತ್ತೇನೆ.


ವೈದ್ಯೆ, ಬೀದರ್

ಸರ್, ತಾವು ಎತ್ತಿದ ವಿಷಯ ನನ್ನ ದಿನನಿತ್ಯದ ಕೆಲಸಕ್ಕೆ ನೇರವಾಗಿ ಸಂಬಂಧಿಸಿದ್ದು. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 28.6ರಷ್ಟು ಮಂದಿಗೆ ಬೊಜ್ಜಿದೆ. ಹೊಟ್ಟೆಯ ಬೊಜ್ಜನ್ನಷ್ಟೇ ಲೆಕ್ಕ ಹಾಕಿದರೆ ಆ ಪ್ರಮಾಣ ಶೇ 39.5. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿಯೇ ನನ್ನ ಬಹುಪಾಲು ರೋಗಿಗಳಿದ್ದಾರೆ. ಕೈಕಾಲು ತೆಳ್ಳಗೆ, ಮುಖ ಸಣ್ಣದು, ನೋಡಿದವರು ಯಾರೂ ದಪ್ಪ ಎನ್ನುವುದಿಲ್ಲ. ಟೇಪು ಹಿಡಿದು ಸೊಂಟದ ಸುತ್ತಳತೆ ತೆಗೆದರೆ ಹೆಂಗಸರಿಗೆ ಹೇಳಿದ 80 ಸೆಂಟಿಮೀಟರ್ ಮಿತಿಯನ್ನು ಯಾವಾಗಲೋ ದಾಟಿರುತ್ತದೆ, ರಕ್ತದ ಸಕ್ಕರೆಯೂ ಏರಿರುತ್ತದೆ.

ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಅವರ ಚಿತ್ರ 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾದದ್ದನ್ನು ಇಲ್ಲಿ ಕೆಲವರಾದರೂ ನೋಡಿರಬಹುದು. ಇಬ್ಬರ ಬಿಎಂಐಯೂ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ 9.1ರಷ್ಟಿದ್ದರೆ ಯಾಜ್ಞಿಕ್ ಅವರ ದೇಹದಲ್ಲಿ ಶೇ 21.2ರಷ್ಟಿತ್ತು. ಭಾರತೀಯರಲ್ಲಿ ಬಿಎಂಐ 25 ದಾಟಿದರೆ ಬೊಜ್ಜು ಎಂದು ಪರಿಗಣಿಸುವುದಕ್ಕೆ ಇದೇ ಕಾರಣ. ಸ್ನಾಯು ಮೊದಲೇ ಕಡಿಮೆಯಿರುವ ದೇಹ ನಮ್ಮದು.

ಹೀಗಿರುವಾಗ ನನಗೆ ಆತಂಕ ತರುವ ಸಂಗತಿಯೆಂದರೆ, ಸೆಮಾಗ್ಲುಟೈಡ್ ಪ್ರಯೋಗದಲ್ಲಿ ದೇಹದ ಸ್ಕ್ಯಾನ್ ಮಾಡಿಸಿಕೊಂಡವರ ಒಂದು ಗುಂಪಿನಲ್ಲಿ ಇಳಿದ ತೂಕದ ಸುಮಾರು ಶೇ 40ರಷ್ಟು ಕೊಬ್ಬಲ್ಲದ ಅಂಶವಾಗಿತ್ತು. ಟಿರ್ಜೆಪಟೈಡ್‌ನಲ್ಲಿ ಅದು ಸುಮಾರು ಶೇ 25. ಕೊಬ್ಬಲ್ಲದ್ದೆಲ್ಲ ಸ್ನಾಯುವೇ ಅಲ್ಲ, ನೀರೂ ಅದರಲ್ಲಿ ಸೇರಿರುತ್ತದೆ ಎಂಬುದು ನಿಜ. ಆದರೂ ಹೊಲದಲ್ಲಿ ಕಳೆ ಕಿತ್ತು, ತಲೆಯ ಮೇಲೆ ಕೊಡ ಹೊತ್ತು ಬದುಕುವ ಐವತ್ತು ದಾಟಿದ ಹೆಣ್ಣುಮಗಳೊಬ್ಬಳು ತೊಡೆಯ ಬಲವನ್ನು ಕಳೆದುಕೊಂಡರೆ, ತಕ್ಕಡಿಯ ಮೇಲೆ ಇಳಿದ ತೂಕದಿಂದ ಅವಳಿಗೆ ಏನು ಪ್ರಯೋಜನ? ಸೆಮಾಗ್ಲುಟೈಡ್ ನಿಲ್ಲಿಸಿದವರಲ್ಲಿ ಒಂದು ವರ್ಷದೊಳಗೆ ಇಳಿದ ತೂಕದ ಮೂರನೆಯ ಎರಡು ಭಾಗ ಮರಳಿ ಬಂದಿತ್ತು ಎಂಬುದನ್ನೂ ಇದರ ಜೊತೆಗೆ ಸೇರಿಸಿ ನೋಡಬೇಕು. ಹಣ ಸಾಲದೆ ನಡುವೆ ಬಿಡುವವರೇ ನಮ್ಮಲ್ಲಿ ಹೆಚ್ಚು. ಅವರಿಗೆ ಮರಳಿ ಬರುವುದರಲ್ಲಿ ಕೊಬ್ಬಿನ ಪಾಲೇ ಹೆಚ್ಚಾದರೆ, ಚಿಕಿತ್ಸೆಗೆ ಮೊದಲಿಗಿಂತ ಕೆಟ್ಟ ಸ್ಥಿತಿಯಲ್ಲಿ ಅವರು ಉಳಿಯುತ್ತಾರೆ.

ಸ್ನಾಯುವನ್ನು ಉಳಿಸುವ ದಾರಿ ಇಲ್ಲವೆಂದಲ್ಲ. ಬಿಮಾಗ್ರುಮ್ಯಾಬ್ ಎಂಬ ಪ್ರತಿಕಾಯವು, ಸ್ನಾಯುವಿನ ಬೆಳವಣಿಗೆಯನ್ನು ತಡೆಯುವ ಆ್ಯಕ್ಟಿವಿನ್‌ನ ಎರಡನೆಯ ಬಗೆಯ ರಿಸೆಪ್ಟರನ್ನು (ಜೀವಕೋಶದ ಮೇಲೆ ಸಂಕೇತ ಹಿಡಿಯುವ ಪ್ರೋಟೀನನ್ನು) ತಡೆಯುತ್ತದೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 48 ವಾರಗಳಿಗೆ ಕೊಬ್ಬು ಶೇ 20.5ರಷ್ಟು ಇಳಿದು, ಕೊಬ್ಬಲ್ಲದ ತೂಕ ಶೇ 3.6ರಷ್ಟು ಏರಿತ್ತು. ಆದ್ದರಿಂದ ನನ್ನ ಮೊದಲ ಬೇಡಿಕೆ ಹೀಗಿದೆ: ಹೊಸ ಅಣುವಿನ ಯಶಸ್ಸನ್ನು ಸೊಂಟದ ಸುತ್ತಳತೆ ಮತ್ತು ಸ್ನಾಯುವಿನ ಬಲದಿಂದ ಅಳೆಯಬೇಕು, ತೂಕ ಆಮೇಲೆ ಬರಲಿ.


ಮೆಡಿಕಲ್ ಅಂಗಡಿ, ಯಾದಗಿರಿ

ಅಣುವಿನ ವಿಜ್ಞಾನ ನನಗೆ ತಮ್ಮಷ್ಟು ತಿಳಿಯದು, ಆದರೆ ಅದು ಕೊನೆಗೆ ಬಂದು ನಿಲ್ಲುವುದು ನನ್ನ ಕೌಂಟರಿನ ಮೇಲೆ. ಆದ್ದರಿಂದ ಅಲ್ಲಿ ಕಂಡದ್ದನ್ನು ಹೇಳುತ್ತೇನೆ.

ಈ ಚುಚ್ಚುಮದ್ದಿನ ಪೆನ್ನುಗಳನ್ನು ತೆರೆಯುವ ಮೊದಲು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಹೊರಗೆ ತೆಗೆದ ಮೇಲೆ ಕೆಲವು ವಾರ ಇಡಬಹುದಾದರೂ 30 ಡಿಗ್ರಿಯನ್ನು ಮೀರಬಾರದು. ಟಿರ್ಜೆಪಟೈಡ್‌ಗೆ ಹೇಳಿರುವ ಗಡುವು 21 ದಿನ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ, ತಗಡಿನ ಮನೆಯೊಳಗೆ ರಾತ್ರಿಯೂ ಸೆಕೆ ಇಳಿಯುವುದಿಲ್ಲ. ಶಹಾಪುರ, ಸುರಪುರದ ಕಡೆಯಿಂದ ಬಸ್ಸಿಗೆ ಬಂದವರು ಪೆನ್ನನ್ನು ಪ್ಲಾಸ್ಟಿಕ್ ಚೀಲದಲ್ಲಿ ಐಸ್ ತುಂಡುಗಳ ಮಧ್ಯೆ ಹುದುಗಿಸಿ ಒಯ್ಯಲು ಮುಂದಾಗುತ್ತಾರೆ. ಅದೂ ತಪ್ಪು, ಏಕೆಂದರೆ ಒಮ್ಮೆ ಹೆಪ್ಪುಗಟ್ಟಿದ ಪೆನ್ನನ್ನು ಬಳಸುವಂತಿಲ್ಲ. ನಾನು ಪೆನ್ನನ್ನು ಬಟ್ಟೆಯಲ್ಲಿ ಸುತ್ತಿ, ಅಗಲ ಬಾಯಿಯ ಥರ್ಮಾಸಿನಲ್ಲಿ ಐಸಿಗೆ ತಾಗದಂತೆ ಇಟ್ಟುಕೊಡುತ್ತೇನೆ. ಆದರೆ ಮನೆಗೆ ಹೋದ ಮೇಲೆ ಫ್ರಿಜ್ ಇದೆಯೋ ಇಲ್ಲವೋ, ಇದ್ದರೂ ಕರೆಂಟ್ ಎಷ್ಟು ಹೊತ್ತು ಇರುತ್ತದೆಯೋ, ಅದು ನನ್ನ ಕೈಯಲ್ಲಿಲ್ಲ. ಕೆಟ್ಟ ಪೆನ್ನು ಕಣ್ಣಿಗೆ ಹಾಗೆಂದು ತಿಳಿಯುವುದೂ ಇಲ್ಲ. ಔಷಧ ಕೆಲಸ ಮಾಡಲಿಲ್ಲ ಎಂದು ರೋಗಿ ಡಾಕ್ಟರರನ್ನು ದೂರುತ್ತಾನೆ, ಡಾಕ್ಟರರು ಡೋಸ್ ಏರಿಸುತ್ತಾರೆ.

ಇನ್ನೊಂದು ಮಾತು. ತೂಕ ಇಳಿಸುವ ಪುಡಿ ಎಂದು ಡಬ್ಬಿಗಳಲ್ಲಿ ಮಾರುವುದು ಸಂತೆಯಿಂದ ಮೊಬೈಲಿನವರೆಗೆ ಎಲ್ಲ ಕಡೆಯೂ ಇದೆ. ಇಂತಹ ‘ಗಿಡಮೂಲಿಕೆ’ ಡಬ್ಬಿಗಳಲ್ಲಿ ಸಿಬುಟ್ರಮಿನ್ ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಪತ್ತೆ ಹಚ್ಚಿ ಎಚ್ಚರಿಸಿದ್ದಾರೆ. ಹೃದಯಕ್ಕೆ ಅಪಾಯವೆಂದು 2011ರಲ್ಲಿ ನಮ್ಮ ದೇಶದಲ್ಲಿಯೂ ನಿಷೇಧಿಸಿದ ಔಷಧವದು. ಒಳ್ಳೆಯ ಔಷಧ ಬಡವರ ಕೈಗೆ ಎಟುಕದಿದ್ದಾಗ ಆ ಜಾಗವನ್ನು ಇಂಥವೇ ತುಂಬುತ್ತವೆ.


ಸಂಶೋಧನಾ ವಿದ್ಯಾರ್ಥಿನಿ, ಕಡಗಂಚಿ

ಅಣ್ಣಾವ್ರು ಹೇಳಿದ ಫ್ರಿಜ್ಜಿನ ತೊಂದರೆಗೆ ವಿನ್ಯಾಸದ ಕಡೆಯಿಂದ ಎರಡು ಉತ್ತರಗಳು ಬಂದಿವೆ, ಎರಡರಲ್ಲಿಯೂ ತೊಡಕುಗಳಿವೆ.

ಮೊದಲನೆಯದು ಸೆಮಾಗ್ಲುಟೈಡ್ ಮಾತ್ರೆ. 2019ರಲ್ಲಿ ಇದು ಸಕ್ಕರೆ ಕಾಯಿಲೆಗೆಂದು ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಸ್ನ್ಯಾಕ್ ಎಂಬ ಸಹಾಯಕ ವಸ್ತು ಜಠರದ ಗೋಡೆಯ ಬಳಿ ಪೆಪ್ಟೈಡನ್ನು ಕಾಪಾಡಿ ಒಳಗೆ ಸಾಗಿಸುತ್ತದೆ. ಹಾಗಿದ್ದರೂ ನುಂಗಿದ್ದರಲ್ಲಿ ರಕ್ತಕ್ಕೆ ಸೇರುವುದು ಶೇ 1ರ ಆಸುಪಾಸು ಮಾತ್ರ, ಉಳಿದದ್ದು ವ್ಯರ್ಥ. ಬರಿ ಹೊಟ್ಟೆಯಲ್ಲಿ ಹೆಚ್ಚೆಂದರೆ 120 ಮಿಲಿಲೀಟರ್ ನೀರಿನೊಡನೆ ನುಂಗಿ, ಕನಿಷ್ಠ ಅರ್ಧ ಗಂಟೆ ಏನನ್ನೂ ತೆಗೆದುಕೊಳ್ಳಬಾರದು. ಎದ್ದ ಕೂಡಲೇ ಚಹಾ ಕುಡಿದು ಹೊಲಕ್ಕೆ ಹೊರಡುವ ನಮ್ಮ ಮನೆಗಳಲ್ಲಿ ಈ ನಿಯಮವನ್ನು ವರ್ಷಗಟ್ಟಲೆ ಪಾಲಿಸುವುದು ಕಷ್ಟ. ತೇವ ತಾಗದಂತೆ ಮಾತ್ರೆಯನ್ನು ಅದರ ಸ್ಟ್ರಿಪ್ಪಿನಲ್ಲಿಯೇ ಇಡಬೇಕು ಎಂಬ ಷರತ್ತು ಬೇರೆ.

ಎರಡನೆಯ ಉತ್ತರ ನನ್ನನ್ನು ಈ ವಿಷಯಕ್ಕೆ ಎಳೆದು ತಂದದ್ದು: ಪೆಪ್ಟೈಡ್ ಅಲ್ಲದ ಸಣ್ಣ ಅಣು ಅದೇ ರಿಸೆಪ್ಟರನ್ನು ಚಾಲೂ ಮಾಡಬಲ್ಲದೇ ಎಂಬ ಪ್ರಶ್ನೆ. ಜಿಎಲ್‌ಪಿ-1 ರಿಸೆಪ್ಟರು ‘ಬಿ’ ವರ್ಗದ್ದು. ಹಾರ್ಮೋನಿನ ಒಂದು ತುದಿ ಜೀವಕೋಶದ ಹೊರಗಿರುವ ಭಾಗವನ್ನು ಹಿಡಿದುಕೊಂಡರೆ, ಇನ್ನೊಂದು ತುದಿ ಪೊರೆಯೊಳಗಿನ ಆಳವಾದ ಗುಳಿಗೆ ಇಳಿಯುತ್ತದೆ. ಇಷ್ಟು ಅಗಲವಾದ ಹಿಡಿತವನ್ನು ಸಣ್ಣ ಅಣುವಿನಿಂದ ಸಾಧಿಸಲಾಗದು ಎಂದೇ ಬಹುಕಾಲ ತಿಳಿಯಲಾಗಿತ್ತು. ಜಪಾನಿನ ಚುಗಾಯ್ ಕಂಪನಿಯಲ್ಲಿ ಹುಟ್ಟಿ, 2018ರಲ್ಲಿ ಲಿಲ್ಲಿ ಕಂಪನಿಗೆ ಪರವಾನಗಿಯಾದ ಆರ್ಫೋರ್‌ಗ್ಲಿಪ್ರಾನ್ ಆ ನಂಬಿಕೆಯನ್ನು ಸುಳ್ಳು ಮಾಡಿತು. ಅದು ಗುಳಿಯ ಮೇಲ್ಭಾಗದಲ್ಲಿ ಕುಳಿತು, ಹೊರಭಾಗದ 33ನೆಯ ಸ್ಥಾನದ ಟ್ರಿಪ್ಟೋಫ್ಯಾನ್ ಎಂಬ ಅಮೈನೋ ಆಮ್ಲವನ್ನು ಆಧಾರವಾಗಿ ಹಿಡಿಯುತ್ತದೆ. ಅಣುತೂಕ ಸುಮಾರು 883. ನುಂಗುವ ಔಷಧಕ್ಕೆ 500 ಮೀರದಿದ್ದರೆ ಒಳ್ಳೆಯದು ಎಂದು ನಮಗೆ ಕಲಿಸಿದ ಲಿಪಿನ್‌ಸ್ಕಿ ನಿಯಮವನ್ನು ಇದು ಬಹುದೂರ ದಾಟಿದೆ. ಊಟ, ನೀರಿನ ನಿರ್ಬಂಧವಿಲ್ಲದೆ ದಿನಕ್ಕೊಂದು ಮಾತ್ರೆ ಸಾಕು. 72 ವಾರಗಳ ಪ್ರಯೋಗದಲ್ಲಿ ಹೆಚ್ಚಿನ ಡೋಸ್‌ನವರ ತೂಕ ಸುಮಾರು ಶೇ 11ರಿಂದ 12ರಷ್ಟು ಇಳಿಯಿತು.

ಆ ಟ್ರಿಪ್ಟೋಫ್ಯಾನ್ ಬಗ್ಗೆ ಒಂದು ಮಾತು ಸೇರಿಸಲೇಬೇಕು. ಇಲಿಗಳ ರಿಸೆಪ್ಟರಿನಲ್ಲಿ ಅದೇ ಜಾಗದಲ್ಲಿ ಸೆರೀನ್ ಎಂಬ ಬೇರೆ ಅಮೈನೋ ಆಮ್ಲವಿದೆ. ಆದ್ದರಿಂದ ಈ ಅಣುವನ್ನು ಸಾಮಾನ್ಯ ಇಲಿಗೆ ಕೊಟ್ಟರೆ ಏನೂ ಆಗುವುದಿಲ್ಲ. ಮನುಷ್ಯರ ರಿಸೆಪ್ಟರನ್ನು ಅಳವಡಿಸಿದ ಇಲಿಯೋ ಮಂಗವೋ ಬೇಕು. ನಮ್ಮಂಥ ಸಣ್ಣ ಪ್ರಯೋಗಾಲಯಗಳಲ್ಲಿ ಸಾಮಾನ್ಯ ಇಲಿಯ ಮೇಲೆ ಪರೀಕ್ಷಿಸಿ ‘ಪರಿಣಾಮವಿಲ್ಲ’ ಎಂದು ಒಳ್ಳೆಯ ಅಣುವನ್ನೇ ಕಸಕ್ಕೆ ಹಾಕುವ ಅಪಾಯವಿದೆ.


ಪೆಪ್ಟೈಡ್ ಘಟಕದ ರಸಾಯನಜ್ಞ, ಕೊಳಾರ ಕೈಗಾರಿಕಾ ಪ್ರದೇಶ, ಬೀದರ್

ತಯಾರಿಕೆಯ ಕಡೆಯಿಂದ ಎರಡು ಮಾತು. ಭಾರತದಲ್ಲಿ ಸೆಮಾಗ್ಲುಟೈಡ್ ಅಣುವಿನ ಮುಖ್ಯ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ. ಆಮೇಲೆ ಬೆಲೆ ಇಳಿಯುವುದು ಸಹಜ, ಅದು ಆಗಲೇಬೇಕು. ಆದರೆ ಪೆಪ್ಟೈಡನ್ನು ರಾಸಾಯನಿಕವಾಗಿ ಕಟ್ಟುವುದೆಂದರೆ 1963ರಲ್ಲಿ ಮೆರಿಫೀಲ್ಡ್ ತೋರಿಸಿಕೊಟ್ಟ ವಿಧಾನ: ರಾಳದ ಮಣಿಗೆ ಒಂದೊಂದೇ ಅಮೈನೋ ಆಮ್ಲವನ್ನು ಕೂಡಿಸುವುದು, ಪ್ರತಿ ಸಲವೂ ತೊಳೆಯುವುದು. ಆ ತೊಳೆಯುವುದಕ್ಕೆ ಬಳಸುವ ಡಿಎಂಎಫ್ ದ್ರಾವಕ ಆರೋಗ್ಯಕ್ಕೆ ಒಳ್ಳೆಯದಲ್ಲ. ಈ ವಿಧಾನದಲ್ಲಿ ಒಂದು ಕಿಲೋ ಪೆಪ್ಟೈಡ್ ತಯಾರಿಸಲು ಸರಾಸರಿ 13,000 ಕಿಲೋದಷ್ಟು ಕಚ್ಚಾವಸ್ತು, ದ್ರಾವಕ, ನೀರು ಬೇಕೆಂಬ ಅಂದಾಜು ಪ್ರಕಟವಾಗಿದೆ. ಸಣ್ಣ ಅಣುವಿನ ಔಷಧಗಳಿಗೆ ಅದು ಕೆಲವು ನೂರು ಕಿಲೋ ಮಾತ್ರ.

ಈ ದ್ರಾವಕವೆಲ್ಲ ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮ ಜಿಲ್ಲೆಗಳ ಪಾಲಿಗೆ ದೂರದ ಪ್ರಶ್ನೆಯಲ್ಲ. ರಾತ್ರಿ ಹೊತ್ತು ಬರುವ ವಾಸನೆಯನ್ನೂ, ಬಾವಿಯ ನೀರಿನ ಬಣ್ಣವನ್ನೂ ಕುರಿತು ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಯವರು ಹೇಳುವುದನ್ನು ನಾನು ಬಲ್ಲೆ. ಬೊಜ್ಜಿನ ಔಷಧವನ್ನು ಟನ್‌ಗಟ್ಟಲೆ ತಯಾರಿಸುವ ಕಾಲ ಬಂದಾಗ, ಕಡಿಮೆ ಹಂತಗಳಲ್ಲಿ, ಕಡಿಮೆ ದ್ರಾವಕದಲ್ಲಿ ಕೈಗೆ ಬರುವ ಅಣು ಬೇಕೆಂಬುದನ್ನು ವಿನ್ಯಾಸಕಾರರು ಮೊದಲ ದಿನದಿಂದಲೇ ಲೆಕ್ಕಕ್ಕೆ ಹಿಡಿಯಬೇಕು. ಮೂಲ ತಯಾರಕರು ಸೆಮಾಗ್ಲುಟೈಡ್‌ನ ಬೆನ್ನೆಲುಬನ್ನು ಯೀಸ್ಟ್‌ನಲ್ಲಿ ಬೆಳೆಸಿ, ಸರಪಳಿಯನ್ನಷ್ಟೇ ರಾಸಾಯನಿಕವಾಗಿ ಜೋಡಿಸುತ್ತಾರೆ. ನಮ್ಮವರೂ ಆ ದಾರಿಯನ್ನು ಗಂಭೀರವಾಗಿ ನೋಡಬೇಕಾಗಿದೆ.


ವೈದ್ಯೆ, ಬೀದರ್

ಸಣ್ಣ ಅಣುವೇ ಎಲ್ಲಕ್ಕೂ ಪರಿಹಾರ ಎಂಬ ಕಡೆಗೆ ಚರ್ಚೆ ವಾಲುತ್ತಿರುವುದರಿಂದ ಒಂದು ಎಚ್ಚರಿಕೆ ಹೇಳಬೇಕು. ಫೈಝರ್ ಕಂಪನಿ ಇದೇ ಬಗೆಯ ಲೋಟಿಗ್ಲಿಪ್ರಾನ್ ಅನ್ನು ಲಿವರ್ ಕಿಣ್ವಗಳು ಏರಿದವೆಂದು 2023ರ ಜೂನ್‌ನಲ್ಲಿ ಕೈಬಿಟ್ಟಿತು. ಡಾನುಗ್ಲಿಪ್ರಾನ್ ಅನ್ನು, ಒಬ್ಬರಲ್ಲಿ ಔಷಧದಿಂದ ಲಿವರಿಗೆ ಹಾನಿಯಾದ ಶಂಕೆ ಕಂಡದ್ದರಿಂದ, 2025ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಪೆಪ್ಟೈಡ್ ದೇಹದೊಳಗೆ ಅಮೈನೋ ಆಮ್ಲಗಳಾಗಿ ಒಡೆದುಹೋಗುತ್ತದೆ, ಸಣ್ಣ ಅಣುವನ್ನು ಲಿವರು ಸಂಸ್ಕರಿಸಬೇಕು. ಹೊಟ್ಟೆಯ ಬೊಜ್ಜಿರುವವರಲ್ಲಿ ಲಿವರಿನಲ್ಲಿಯೂ ಕೊಬ್ಬು ತುಂಬಿರುವುದು ಸಾಮಾನ್ಯ. ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಬನ್ನಿ ಎಂದರೆ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬರುವವರು ಎಷ್ಟು ಮಂದಿ? ವಾರಕ್ಕೊಮ್ಮೆ ಆಶಾ ಕಾರ್ಯಕರ್ತೆಯ ಎದುರಿನಲ್ಲಿ ತೆಗೆದುಕೊಳ್ಳುವ ಚುಚ್ಚುಮದ್ದು, ದಿನವೂ ಮರೆತುಹೋಗುವ ಮಾತ್ರೆಗಿಂತ ಕೆಲವರಿಗೆ ಮೇಲಾಗಬಹುದು.


ಸಸ್ಯಶಾಸ್ತ್ರ ಉಪನ್ಯಾಸಕ, ಆಳಂದ

ನಮ್ಮ ಪುಂಡಿ, ಹುರುಳಿ, ಮೆಂತೆಗಳ ಸಾರವು ಕೊಬ್ಬನ್ನು ಜೀರ್ಣಿಸುವ ಲೈಪೇಸ್ ಕಿಣ್ವವನ್ನು ತಡೆಯುತ್ತದೆಯೇ ಎಂದು ವಿದ್ಯಾರ್ಥಿಗಳಿಂದ ಪರೀಕ್ಷಿಸಬೇಕೆಂಬ ಆಲೋಚನೆ ನನಗಿದೆ. ಲೈಪೇಸನ್ನು ತಡೆಯುವ ಬೊಜ್ಜಿನ ಔಷಧ ಆರ್ಲಿಸ್ಟಾಟ್ ಕೂಡ ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಸೂಕ್ಷ್ಮಜೀವಿಯಲ್ಲಿ ದೊರೆತ ಲಿಪ್‌ಸ್ಟಾಟಿನ್‌ನಿಂದಲೇ ಬಂದದ್ದಲ್ಲವೇ? ಹಾಗಿದ್ದರೆ ನಮ್ಮ ಸಸ್ಯಗಳಿಂದ ಏಕೆ ಆಗಬಾರದು?


ಸಂಶೋಧನಾ ವಿದ್ಯಾರ್ಥಿನಿ, ಕಡಗಂಚಿ

ಸರ್, ಆಗಬಾರದೆಂದೇನಿಲ್ಲ, ಆದರೆ ಪರೀಕ್ಷೆಯನ್ನು ಬಿಗಿಯಾಗಿ ಮಾಡಬೇಕು. ಆರ್ಲಿಸ್ಟಾಟ್‌ನ ಬೀಟಾ-ಲ್ಯಾಕ್ಟೋನ್ ಉಂಗುರ ಕಿಣ್ವದ ಸೆರೀನ್‌ಗೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಅದೊಂದು ನಿರ್ದಿಷ್ಟ ಕ್ರಿಯೆ. ಸಸ್ಯದ ಸಾರದಲ್ಲಿರುವ ಟ್ಯಾನಿನ್, ಪಾಲಿಫಿನಾಲ್‌ಗಳಾದರೋ ಎದುರಿಗೆ ಬಂದ ಯಾವ ಪ್ರೋಟೀನಿಗಾದರೂ ಅಂಟುತ್ತವೆ, ಅಥವಾ ತಾವೇ ಗುಂಪುಗೂಡಿ ಸಣ್ಣ ಕಣಗಳಾಗಿ ಕಿಣ್ವವನ್ನು ಸುತ್ತುವರಿಯುತ್ತವೆ. ನಳಿಕೆಯಲ್ಲಿ ತಡೆ ಕಾಣುತ್ತದೆ, ಹೊಟ್ಟೆಯಲ್ಲಿ ಏನೂ ಆಗುವುದಿಲ್ಲ. ಇದನ್ನು ಪತ್ತೆ ಹಚ್ಚಲು ದ್ರಾವಣಕ್ಕೆ ಒಂದಿಷ್ಟು ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಸೇರಿಸಿ ಮತ್ತೆ ಅಳೆಯುತ್ತಾರೆ. ಲೈಪೇಸ್‌ನ ಅಳತೆಗೆ ಡಿಟರ್ಜೆಂಟ್ ತಾನೇ ಅಡ್ಡಿಯಾಗುವುದರಿಂದ, ಸಂಬಂಧವಿಲ್ಲದ ಇನ್ನೊಂದು ಕಿಣ್ವದ ಮೇಲೆ ಈ ಪರೀಕ್ಷೆ ಮಾಡುವುದು ಒಳ್ಳೆಯದು. ಡಿಟರ್ಜೆಂಟ್ ಇಲ್ಲದಾಗ ಆ ಕಿಣ್ವವೂ ತಡೆಗೊಂಡು, ಸೇರಿಸಿದ ಮೇಲೆ ತಡೆ ಮಾಯವಾದರೆ ಆ ಸಾರವನ್ನು ಬದಿಗಿಡಬಹುದು. ಅಣು ರಿಸೆಪ್ಟರಿಗೆ ಎಷ್ಟು ಹೊಂದುತ್ತದೆಂದು ಕಂಪ್ಯೂಟರ್ ಅಂದಾಜಿಸುವ ಡಾಕಿಂಗ್ ಅಂಕವನ್ನಷ್ಟೇ ನೆಚ್ಚಿ ಪ್ರಬಂಧ ಬರೆಯುವ ರೂಢಿಗೂ ಇದೇ ಮಾತು ಅನ್ವಯಿಸುತ್ತದೆ. ರಿಸೆಪ್ಟರಿನ ರಚನೆ ಉಚಿತವಾಗಿ ದೊರೆಯುತ್ತದೆ, ಆ ಲೆಕ್ಕ ಹಾಕುವ ಆಟೋಡಾಕ್ ವೀನಾ ತಂತ್ರಾಂಶ ಕೂಡ ಉಚಿತ. ಆದರೆ ಅಣು ಗುಳಿಯಲ್ಲಿ ಕೂರುತ್ತದೆ ಎಂದ ಮಾತ್ರಕ್ಕೆ ರಿಸೆಪ್ಟರು ಚಾಲೂ ಆಗುವುದಿಲ್ಲ.


ಔಷಧ ರಸಾಯನ ಅಧ್ಯಾಪಕ, ಕಲಬುರಗಿ

ಸಣ್ಣ ಅಣುಗಳ ಬಗ್ಗೆ ಬೀದರಿನ ವೈದ್ಯೆ ಮೇಡಂ ಅವರ ಎಚ್ಚರಿಕೆ ಸರಿಯಾದದ್ದು. ಬೊಜ್ಜಿನ ಔಷಧಗಳ ಚರಿತ್ರೆಯೇ ಅದನ್ನು ಹೇಳುತ್ತದೆ. 1930ರ ದಶಕದ ಡೈನೈಟ್ರೋಫಿನಾಲ್ ಜೀವಕೋಶಗಳ ಶಕ್ತಿಯನ್ನು ಬರಿಯ ಶಾಖವಾಗಿ ಕಳೆದು ತೂಕ ಇಳಿಸುತ್ತಿತ್ತು. ಜನ ಮೈಬಿಸಿ ಏರಿ ಸತ್ತರು, ಕಣ್ಣಿಗೆ ಪೊರೆ ಬಂತು. ಫೆನ್‌ಫ್ಲೂರಮಿನ್ ಹೃದಯದ ಕವಾಟಗಳನ್ನು ಕೆಡಿಸಿದ್ದರಿಂದ ಅದನ್ನು 1997ರಲ್ಲಿ ಹಿಂದಕ್ಕೆ ಪಡೆದರು. ಅದಕ್ಕೆ ಕಾರಣ ಸಿರೊಟೋನಿನ್‌ನ 2ಬಿ ರಿಸೆಪ್ಟರು ಎಂದು ತಿಳಿದ ಮೇಲೆ, ಹೊಸ ಅಣುಗಳು ಆ ರಿಸೆಪ್ಟರನ್ನು ತಟ್ಟುತ್ತವೆಯೇ ಎಂದು ಮೊದಲೇ ನೋಡುವುದು ವಾಡಿಕೆಯಾಯಿತು. ಮಿದುಳಿನೊಳಗೆ ಹೊಕ್ಕು ಹಸಿವನ್ನು ತಡೆದ ರಿಮೊನಬಾಂಟ್, ಖಿನ್ನತೆಯನ್ನೂ ತಂದು 2008ರಲ್ಲಿ ಯುರೋಪಿನ ಮಾರುಕಟ್ಟೆಯಿಂದ ಹೊರಬಿತ್ತು. ಲಾರ್‌ಕ್ಯಾಸರಿನ್ 2ಬಿ ರಿಸೆಪ್ಟರನ್ನು ತಪ್ಪಿಸುವಂತೆ ಜಾಣತನದಿಂದ ರೂಪಿಸಿದ ಅಣು. ಅದನ್ನೂ ಕ್ಯಾನ್ಸರಿನ ಆತಂಕದಿಂದ 2020ರಲ್ಲಿ ಹಿಂದಕ್ಕೆ ಪಡೆದರು. ಬೊಜ್ಜಿನ ಔಷಧವನ್ನು ಆರೋಗ್ಯವಾಗಿಯೇ ಓಡಾಡಿಕೊಂಡಿರುವವರು ವರ್ಷಗಟ್ಟಲೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಇಲ್ಲಿ ಸುರಕ್ಷತೆಯ ಅಳತೆ ಕ್ಯಾನ್ಸರಿನ ಔಷಧಕ್ಕಿಂತ ಎಷ್ಟೋ ಕಠಿಣವಾಗಿರಬೇಕು.

ನಮ್ಮ ಕಾಲೇಜುಗಳಲ್ಲಿ ಈ ವರ್ಷ ಪ್ರಾಜೆಕ್ಟ್ ತೆಗೆದುಕೊಳ್ಳುವವರಿಗೆ ನನ್ನ ಸಲಹೆ, ಪರೀಕ್ಷೆಗಳ ಕ್ರಮವನ್ನೇ ತಿರುಗಿಸಿ ಎಂಬುದು. ಸಾಮರ್ಥ್ಯವನ್ನು ಅಳೆದು, ಅದರಲ್ಲಿ ಗೆದ್ದದ್ದನ್ನು ಕೊನೆಗೆ ಶಾಖದಲ್ಲಿ ಇಟ್ಟು ನೋಡುವುದು ಈಗಿನ ರೂಢಿ. ಸ್ಥಿರತೆಯ ವೇಗವರ್ಧಿತ ಪರೀಕ್ಷೆಯನ್ನು 40 ಡಿಗ್ರಿ ಉಷ್ಣತೆ, ಶೇ 75 ತೇವಾಂಶದಲ್ಲಿ ಆರು ತಿಂಗಳು ನಡೆಸುತ್ತಾರೆ. ಅಣುವಿನ ಚೌಕಟ್ಟನ್ನು ಆರಿಸುವಾಗಲೇ, ಕೆಲವು ಮಿಲಿಗ್ರಾಂ ಪುಡಿಯನ್ನು ಇದೇ ಸ್ಥಿತಿಯಲ್ಲಿ ಕೆಲವು ವಾರ ಇಟ್ಟು, ಮಿಶ್ರಣದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿಯಲ್ಲಿ ನೋಡಲು ಹೆಚ್ಚು ಖರ್ಚಿಲ್ಲ, ಆ ಯಂತ್ರ ನಮ್ಮ ಬಹುತೇಕ ಫಾರ್ಮಸಿ ಕಾಲೇಜುಗಳಲ್ಲಿದೆ. ಅದರ ಜೊತೆಗೆ, ಔಷಧವನ್ನು ಒಡೆಯುವ ಕಿಣ್ವಗಳಿರುವ ಲಿವರಿನ ಮೈಕ್ರೋಸೋಮ್‌ಗಳಲ್ಲಿ ಅಣು ಯಾವ ತುಂಡುಗಳಾಗಿ ಒಡೆಯುತ್ತದೆ ಎಂಬುದನ್ನು ನೋಡಬೇಕು. ಈ ಎರಡರಲ್ಲಿ ಉಳಿದದ್ದನ್ನು ಮಾತ್ರ ಮನುಷ್ಯರ ರಿಸೆಪ್ಟರ್ ಇರುವ ಜೀವಕೋಶಗಳ ಮೇಲೆ ಪರೀಕ್ಷೆಗೆ ಕಳಿಸೋಣ.


ಮೆಡಿಕಲ್ ಅಂಗಡಿ, ಯಾದಗಿರಿ

ಸರ್, ಹಾಗೆ ಮಾಡುವುದಾದರೆ ಸ್ಟ್ರಿಪ್ಪಿನಿಂದ ಬಿಡಿಸಿದ ಮಾತ್ರೆಯನ್ನೂ ಪರೀಕ್ಷೆಗೆ ಸೇರಿಸಿ. ನಮ್ಮಲ್ಲಿ ಮುದುಕರ ಬಹುಪಾಲು ಗುಳಿಗೆಗಳು ಒಂದೇ ಸ್ಟೀಲ್ ಡಬ್ಬಿಯಲ್ಲಿ ಇರುತ್ತವೆ.


ಔಷಧ ರಸಾಯನ ಅಧ್ಯಾಪಕ, ಕಲಬುರಗಿ

ಅವಶ್ಯವಾಗಿ ಸೇರಿಸೋಣ. ಶುದ್ಧ ಪುಡಿ, ಮಾತ್ರೆಯ ಇತರ ಪದಾರ್ಥಗಳೊಡನೆ ಬೆರೆಸಿದ ಪುಡಿ, ಸ್ಟ್ರಿಪ್ಪಿಲ್ಲದ ಮಾತ್ರೆ, ಈ ಮೂರನ್ನೂ ಒಟ್ಟಿಗೆ ಇಡೋಣ. ಕೊಳಾರದ ಮಿತ್ರರು ಪ್ರತಿ ಅಣುವಿಗೂ ತಯಾರಿಕೆಯ ಹಂತಗಳ ಸಂಖ್ಯೆಯನ್ನೂ ದ್ರಾವಕದ ಅಂದಾಜನ್ನೂ ಕೊಡಲು ಸಾಧ್ಯವಾದರೆ, ಕಡಗಂಚಿಯ ವಿದ್ಯಾರ್ಥಿನಿ ಈ ಅಣುಗಳ ಪಟ್ಟಿಯೊಂದನ್ನು ಮಾಡಿ ಅದರಲ್ಲಿ ಇದಕ್ಕೂ ಒಂದು ಅಂಕಣ ಇಡಲಿ.